ಒರತೆಯ ಕಂಡಿಯಲ್ಲಿ ನೂರ ಏಳು ಡಿಗ್ರಿ

ಅಲ್ ಮುಂತಜಾ, ದೋಹಾ
20 ಅಕ್ಟೋಬರ್ 1996

ಎಡ್ನಾ ಟೀಚರಿಗೆ ತಾರಾನಾಥನ ನಮಸ್ಕಾರಗಳು.

ವಿಮಾನ ಇಳಿದು ಹದಿನೈದು ದಿನಗಳಾದವು; ಇದೇ ಮೊದಲ ಪತ್ರ. ತಡವಾದುದಕ್ಕೆ ಕಾರಣ ಆಲಸ್ಯವಲ್ಲ. ಮಗಳ ಮನೆಯಲ್ಲಿ ಮೇಜುಗಳು ಆರು ಇವೆ, ನೆಟ್ಟಗೆ ಕುಳಿತು ಬರೆಯಲು ತಕ್ಕುದಾದುದು ಒಂದೂ ಇಲ್ಲ. ಕೊನೆಗೆ ಇಸ್ತ್ರಿಯ ಹಲಗೆಯನ್ನು ನನ್ನ ಎತ್ತರಕ್ಕೆ ಇಳಿಸಿಕೊಂಡು ಬರೆಯುತ್ತಿದ್ದೇನೆ.

ನಿಶ್ಮಿತಾ, ಯಜ್ಞೇಶ್ ಇಬ್ಬರೂ ಬೆಳಿಗ್ಗೆ ಏಳಕ್ಕೆ ಆಫೀಸಿಗೆ ಹೊರಡುತ್ತಾರೆ. ಅಳಿಯನ ಕನ್ನಡದ ಬಗ್ಗೆ ಏನು ಹೇಳಲಿ? "ಮಾವ, ಟಿಫಿನ್ ಖಲಾಸ್ ಆಯ್ತಾ? ಯಲ್ಲಾ, ಬರ್ತೇನೆ" ಎಂದು ಅರಬಿ ಬೆರೆಸಿ ಮಾತನಾಡುತ್ತಾನೆ. ಆದರೆ ನನ್ನ ಹಾಸಿಗೆಯ ಬದಿಗೆ ತಂಬಿಗೆಯಲ್ಲಿ ನೀರಿಡುವುದನ್ನು ಒಂದು ದಿನವೂ ಮರೆತವನಲ್ಲ; ಆದ್ದರಿಂದ ಅಂಕ ಕಳೆದಿಲ್ಲ. ನನ್ನ ಮೊಣಕಾಲು ಚೆನ್ನಾಗಿದೆ. ನಿಶ್ಮಿತಾ ನಿಮಗೆ ಬೇರೆ ರೀತಿಯಲ್ಲಿ ಬರೆದಿದ್ದರೆ ನಂಬಬೇಡಿ.

ಮೊನ್ನೆ ಒಬ್ಬ ಗೃಹಸ್ಥ ಖರ್ಜೂರದ ಪೆಟ್ಟಿಗೆ ಹಿಡಿದು ಬಂದ. ಹೆಸರು ಮೊಯ್ದಿನ್ ಕುಂಞಿ. ನಮ್ಮ ಶಾಲೆಯಲ್ಲಿ ನನ್ನ ಕೈಕೆಳಗೆ ಓದಿದ್ದನಂತೆ. ಈಗ ನಲವತ್ತೆಂಟರ ವಯಸ್ಸು, ಗಡ್ಡ ನರೆತಿದೆ. ಊರಿನವರ ಅಂಗಡಿಯಲ್ಲಿ ನಾನು ಬಂದಿರುವ ಸುದ್ದಿ ತಿಳಿಯಿತಂತೆ. ನನಗೆ ನೆನಪಾಗಲಿಲ್ಲ. ಮೂವತ್ತೈದು ವರ್ಷಗಳಲ್ಲಿ ಎಷ್ಟು ಮಕ್ಕಳು ದಾಟಿಹೋಗಲಿಲ್ಲ! ಕುಳಿತುಕೊಳ್ಳೆಂದು ಮೂರು ಬಾರಿ ಹೇಳಿದರೂ ಆತ ಕುಳಿತುಕೊಳ್ಳದೆ, ಸೋಫಾದ ಪಕ್ಕ ನಿಂತೇ ಚಹಾ ಕುಡಿದ. ಗುರುಭಕ್ತಿ ಎಂದು ನಿಶ್ಮಿತಾಳಿಗೆ ಬಹಳ ಮೆಚ್ಚುಗೆಯಾಯಿತು.

ಆತ ಇಲ್ಲಿನ ಒಬ್ಬ ಹಿರಿಯ ಅರಬರ ತೋಟ ನೋಡಿಕೊಳ್ಳುತ್ತಾನೆ. ಪೇಟೆಯಿಂದ ಒಂದು ಗಂಟೆಯ ದಾರಿ. ಆ ತೋಟದ ಅಂಚಿನಲ್ಲಿ ನೆಲ ಕುಸಿದು ಆದ ಗುಹೆ, ಅದರ ತಳದಲ್ಲಿ ತಾನಾಗಿಯೇ ಬಿಸಿಯಾದ ನೀರು. ಕೀಲುನೋವಿನವರು ಶುಕ್ರವಾರ ಬಂದು ಕುಳಿತು ಹೋಗುತ್ತಾರಂತೆ. "ಮಾಸ್ಟ್ರು ಒಮ್ಮೆ ಬರ್ಲೇಬೇಕು" ಎಂದು ಹಟ ಹಿಡಿದಿದ್ದಾನೆ. ಭೂಗೋಳದ ಕುತೂಹಲಕ್ಕಾಗಿ ಒಪ್ಪಿದ್ದೇನೆ, ಮೊಣಕಾಲಿಗಾಗಿ ಅಲ್ಲ.

ಭಾನುವಾರ ನಿಮ್ಮ ಇಗರ್ಜಿಯ ಪೂಜೆ ಮುಗಿದ ಮೇಲೆ ನನ್ನ ಮನೆಯ ಕಿಟಕಿ ತೆರೆದು, ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವುದು. ಹದಿನಾಲ್ಕು ಸುತ್ತು, ಹದಿನೈದಲ್ಲ.

ಇಂತು,
ತಾರಾನಾಥ


31 ಅಕ್ಟೋಬರ್ 1996

ಮಾಸ್ಟ್ರಿಗೆ ಎಡ್ನಾಳ ವಂದನೆಗಳು.

ಹದಿನಾಲ್ಕೇ ಸುತ್ತು ಕೊಟ್ಟಿದ್ದೇನೆ. ಎಣಿಸುವಾಗ ನೀವು ಬೆನ್ನ ಹಿಂದೆ ನಿಂತಂತೆಯೇ ಇತ್ತು. ನಿಮ್ಮ ಬಾವಿಕಟ್ಟೆಯ ಬಸಳೆ ನನ್ನ ಅಡುಗೆಮನೆಗೆ ಬಂದು ಬೆಂದಿತು, ಅದನ್ನು ಮುಚ್ಚಿಡುವುದಿಲ್ಲ. ಮೊಣಕಾಲಿನ ಬಗ್ಗೆ ನಿಶ್ಮಿತಾ ಬೇರೆ ರೀತಿಯಲ್ಲಿಯೇ ಬರೆದಿದ್ದಾಳೆ, ನಾನು ನಂಬಿದ್ದೇನೆ.

ಮೊಯ್ದಿನ್ ಕುಂಞಿ ಎಂಬ ಹೆಸರು ಓದಿ ಪತ್ರವನ್ನು ಸ್ವಲ್ಪ ಹೊತ್ತು ಮಡಿಲಿನಲ್ಲಿಟ್ಟುಕೊಂಡೆ. ಮಾಸ್ಟ್ರೇ, ನಿಜವಾಗಿಯೂ ನೆನಪಾಗಲಿಲ್ಲವೇ? 1961, ಏಳನೆಯ ತರಗತಿ. ಫೆಬ್ರವರಿಯಲ್ಲಿ ಮಕ್ಕಳನ್ನು ಬಿಸಿನೀರ ತೀರ್ಥಕ್ಕೆ ಕರೆದೊಯ್ದು ನೀರಿನ ಉಷ್ಣತೆ ಅಳೆಯಿಸಿದಿರಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಹೆಣ್ಣುಮಕ್ಕಳ ಜೊತೆಗೆಂದು ನನ್ನನ್ನು ಕಳುಹಿಸಿದ್ದರು. ಎಲ್ಲರದೂ ತೊಂಬತ್ತೆಂಟು, ತೊಂಬತ್ತೊಂಬತ್ತು ಫ್ಯಾರನ್‌ಹೀಟ್ ಬಂದಾಗ ಒಬ್ಬ ಹುಡುಗ ಮಾತ್ರ ನೂರ ಏಳು ಎಂದು ಬರೆದ. ಮನಸ್ಸಿಗೆ ಬಂದ ಅಂಕಿ ಬರೆದೆನೆಂದು ಒಪ್ಪಿಕೊಳ್ಳುವ ತನಕ ಕುಳಿತುಕೊಳ್ಳಕೂಡದೆಂದು ನೀವು ಶಿಕ್ಷೆ ವಿಧಿಸಿದಿರಿ. ಅವನು ಮೂರು ದಿನ ನಿಂತ. ನಾಲ್ಕನೆಯ ದಿನ ಶಾಲೆಗೆ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.

ಇವನು ಅವನೇ ಆಗಿದ್ದರೆ, ಜೊತೆಗೆ ನೀರಿಗಿಳಿಯುವ ಮೊದಲು ಈ ಪತ್ರ ನಿಮಗೆ ತಲುಪಬೇಕಿತ್ತು. ತಲುಪದು, ಗೊತ್ತು. ಆತನ ಮನಸ್ಸು ನೋಯುವಂಥ ಮಾತೊಂದೂ ನಿಮ್ಮ ಬಾಯಿಯಿಂದ ಬಾರದಿರಲಿ. ನಿಮಗೆ ಬುದ್ಧಿ ಹೇಳುವ ಧೈರ್ಯ ನಿವೃತ್ತಿಯ ಅನಂತರ ಬಂದಿದೆ, ಕ್ಷಮಿಸಿ.

ಬಿಸಿನೀರಿನಿಂದ ಎದ್ದ ಕೂಡಲೇ ಗಾಳಿಗೆ ನಿಲ್ಲಬೇಡಿ. ತಲೆ ಒರೆಸಿಕೊಳ್ಳಿ.

ಎಡ್ನಾ


ಅಲ್ ಮುಂತಜಾ, ದೋಹಾ
3 ನವೆಂಬರ್ 1996

ಎಡ್ನಾ ಟೀಚರಿಗೆ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಇಂಥದನ್ನು ಕಂಡವನು ಹತ್ತು ದಿನ ಸುಮ್ಮನಿರಲಾರ.

ಮೊನ್ನೆ ಶುಕ್ರವಾರ ಕುಂಞಿ ತನ್ನ ಪಿಕಪ್ಪಿನಲ್ಲಿ ಕರೆದೊಯ್ದ. ದಾರಿಯುದ್ದಕ್ಕೂ ಚಪ್ಪಟೆ ನೆಲ, ಬಿಳಿ ಕಲ್ಲುಪುಡಿ. ಇಂಥಲ್ಲಿ ಗುಹೆಯೇ ಎಂದು ನಾನು ಸಂಶಯಪಡುತ್ತಿರುವಾಗಲೇ, ಖರ್ಜೂರದ ಮರಗಳ ಆಚೆ ನೆಲ ಬಾಯಿ ತೆರೆದಿತ್ತು. ಯಜಮಾನರು ಸಿಮೆಂಟಿನ ಮೆಟ್ಟಿಲು ಕಟ್ಟಿಸಿದ್ದಾರೆ. ಇಪ್ಪತ್ತೇಳು. ಕುಂಞಿ ನನ್ನ ಮುಂದೆ ಹಿಮ್ಮುಖವಾಗಿ ಇಳಿಯುತ್ತಿದ್ದ.

"ಮಾಸ್ಟ್ರೇ, ನನ್ನ ಭುಜ ಹಿಡ್ಕೊಳ್ಳಿ. ಮೆಟ್ಲು ಜಾರ್ತದೆ."

"ನನಗೆ ಮೆಟ್ಟಿಲು ಇಳಿಯಲು ಬರುತ್ತದೆ."

"ನಿಮಗೆ ಬರ್ತದೆ. ಮೆಟ್ಲಿಗೆ ಅದು ಗೊತ್ತಿಲ್ಲ ಅಲ್ವಾ?"

ನಾನು ಹಿಡಿಯಲಿಲ್ಲ.

ಒಳಗೆ ಇಳಿದಂತೆ ಗಾಳಿ ಬೆಚ್ಚಗಾಗಿ, ಕನ್ನಡಕ ಮಂಜಾಯಿತು. ಬೆಂಕಿಪೆಟ್ಟಿಗೆಯ ಮದ್ದಿನಂಥ ತೆಳು ವಾಸನೆ. ಮೇಲಿನ ಬಾಯಿಯಿಂದ ಒಂದೇ ಕಂಬದಂತೆ ಬಿಸಿಲು ಬಿದ್ದು, ಗೋಡೆಯ ಹರಳುಗಳು ಉಪ್ಪಿನಂತೆ ಹೊಳೆಯುತ್ತಿದ್ದವು. ತಳದಲ್ಲಿ ಸೊಂಟಮಟ್ಟದ ಹಸಿರು ನೀರು. ಸುತ್ತ ಕಲ್ಲಿನ ಕಟ್ಟೆ. ಸಲಾಂ ಎಂಬ ಮಲಯಾಳಿ ಟವೆಲನ್ನೂ ಹಾಲಿಲ್ಲದ ಚಹಾವನ್ನೂ ಕೊಡುತ್ತಾನೆ. ಇಬ್ಬರು ಮುದುಕರು ಕೊರಳಮಟ್ಟ ಮುಳುಗಿದ್ದರು. ಕುಂಞಿ ನನ್ನನ್ನು ತೋರಿಸಿ "ಉಸ್ತಾದ್" (ಗುರುಗಳು) ಎಂದುದೇ ತಡ, ಅವರಲ್ಲೊಬ್ಬರು ಎದ್ದು ತಮ್ಮ ಬೆಚ್ಚನೆಯ ಜಾಗ ಬಿಟ್ಟುಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಬಸ್ಸಿನಲ್ಲಿಯೂ ಇಂಥ ಮರ್ಯಾದೆ ನನಗೆ ಸಿಕ್ಕಿರಲಿಲ್ಲ.

ಪಂಚೆ, ಬನಿಯನುಗಳಲ್ಲಿಯೇ ಇಳಿದೆ. ಹಳೆಯ ವಿದ್ಯಾರ್ಥಿಯ ಎದುರು ಬರಿಮೈಯಾಗುವುದು ನನ್ನಿಂದಾಗದು. ಕಾಲು ಗಂಟೆಯಲ್ಲಿ ಮೊಣಕಾಲು ಪೂರ್ತಿ ಮಡಚಿತು. ಅದಕ್ಕೆ ಮೊದಲು ಮಡಚುತ್ತಿರಲಿಲ್ಲವೆಂದು ಇದರ ಅರ್ಥವಲ್ಲ.

ಆಮೇಲೆ ಕುಂಞಿ ಪ್ಲಾಸ್ಟಿಕ್ ಚೀಲದಿಂದ ಒಂದು ನೋಟುಪುಸ್ತಕ ತೆಗೆದು ನನ್ನ ಕೈಗಿತ್ತ. ನಂಬುವಿರಾ? ಒಂಬತ್ತು ವರ್ಷಗಳ ಪ್ರತಿ ಶುಕ್ರವಾರದ ಉಷ್ಣತೆ! ತಾರೀಕು, ಗಂಟೆ, ಸ್ಥಳ, ಮೂರು ಅಳತೆ, ಸರಾಸರಿ. ಎಲ್ಲವೂ ಕನ್ನಡ ಅಂಕಿಗಳಲ್ಲಿ, ಗೆರೆ ತಪ್ಪದೆ.

"ಮೂರು ಸಲ ಏಕೆ ಅಳೆಯುತ್ತೀ?" ಎಂದೆ.

"ಒಂದು ಸಲ ಅಳೆದದ್ದನ್ನು ನಂಬಬಾರ್ದು ಅಂತ ಊರಲ್ಲಿ ಒಬ್ರು ಮಾಸ್ಟ್ರು ಹೇಳಿದ್ರು."

ನನ್ನ ಎದೆ ಎಷ್ಟು ಉಬ್ಬಿತೆಂದು ನಿಮಗೆ ಬರೆದರೆ ನಗುವಿರಿ.

ಸ್ಥಳದ ಕಾಲಮಿನಲ್ಲಿ ಎರಡು ಹೆಸರು: "ಮೆಟ್ಟಿಲು" ಮತ್ತು "ಕಂಡಿ". ಎದುರುಗೋಡೆಯ ಬುಡದಲ್ಲಿ, ನೀರಿನ ಅಡಿಗೆ ಒಂದು ಬಿರುಕು. ಒರತೆ ಹೊರಬರುವ ಕಂಡಿ ಅದೇ. ಅಲ್ಲಿ ಥರ್ಮಾಮೀಟರು ಇಟ್ಟರೆ ಓದಲಾಗದು, ಹೊರತೆಗೆದರೆ ಪಾದರಸ ಇಳಿಯುತ್ತದೆ. ಅದಕ್ಕಾಗಿ ಆತ ಥರ್ಮಾಮೀಟರನ್ನು ಒಂದು ಜಾಮಿನ ಬಾಟಲಿಯಲ್ಲಿಟ್ಟು, ಕಂಡಿಯೊಳಕ್ಕೆ ತೋಳು ತೂರಿ, ಬಾಟಲಿ ತುಂಬಿದ ಮೇಲೆ ನೀರಿನ ಸಮೇತ ಮೇಲೆತ್ತಿ ಓದುತ್ತಾನೆ. ಅಂಗಿಯ ತೋಳು ಭುಜದವರೆಗೆ ಒದ್ದೆ. ಮೆಟ್ಟಿಲ ಬಳಿ ತೊಂಬತ್ತೇಳು, ಕಂಡಿಯಲ್ಲಿ ನೂರ ಐದು. ಎಂಟು ಡಿಗ್ರಿಯ ವ್ಯತ್ಯಾಸ.

ಬಾಟಲಿಯ ಉಪಾಯ ಯಾರು ಕಲಿಸಿದರೆಂದು ಕೇಳಿದೆ.

"ಅದು ಯಾರೂ ಕಲಿಸಿದ್ದಲ್ಲ ಮಾಸ್ಟ್ರೇ" ಎಂದು ಬಾಟಲಿಯ ಮುಚ್ಚಳ ಹಾಕಿದ.

ಇಂದಿಗೆ ಇಷ್ಟು ಸಾಕು. ಕೈ ನೋಯುತ್ತಿದೆ.

ತಾರಾನಾಥ


ಅಲ್ ಮುಂತಜಾ, ದೋಹಾ
14 ನವೆಂಬರ್ 1996

ಎಡ್ನಾ ಟೀಚರಿಗೆ,

31ರ ನಿಮ್ಮ ಪತ್ರ ತಲುಪಿತು.

1961ರದು ಶಿಸ್ತಿಗೆ ಸಂಬಂಧಿಸಿದ ವಿಷಯ. ಮೂವತ್ತೊಂದು ಮಕ್ಕಳ ಅಂಕಿ ಒಂದಾಗಿ, ಒಬ್ಬನದು ಮಾತ್ರ ಎಂಟು ಡಿಗ್ರಿ ಬೇರೆಯಾದರೆ ಯಾವ ಅಧ್ಯಾಪಕನೂ ನಾನು ಮಾಡಿದ್ದನ್ನೇ ಮಾಡುತ್ತಿದ್ದ. ಅಲ್ಲದೆ ಆತ ಬರೆದದ್ದು ನೂರ ಏಳು, ನೂರ ಏಳು, ನೂರ ಏಳು. ಮೂರು ಅಳತೆಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುವುದು ಅಳೆಯದೆ ಬರೆದಾಗ ಮಾತ್ರ. ನನ್ನ ವಾದ ಅಂದು ಅದೇ ಆಗಿತ್ತು.

ಆದಾಗ್ಯೂ ಒಂದು ಕೆಲಸವಾಗಬೇಕು. ನನ್ನ ಕಪಾಟಿನ ಎರಡನೆಯ ಅರೆಯಲ್ಲಿ ವರ್ಷವಾರು ಕಟ್ಟಿಟ್ಟ ಪುಸ್ತಕಗಳಿವೆ. 1961ರದನ್ನು ತೆರೆದು ತೀರ್ಥದ ಪುಟದಲ್ಲಿ ಇರುವುದನ್ನು ಇದ್ದಂತೆಯೇ ನಕಲು ಮಾಡಿ ಕಳುಹಿಸಿ. ನಿಮ್ಮ ಅಭಿಪ್ರಾಯ ಸೇರಿಸುವುದು ಬೇಡ.

ಇನ್ನೊಂದು. ಅಂದು ನಾನು ಮೆಟ್ಟಿಲ ಬಳಿ ಸಾಲು ನಿಲ್ಲಿಸುತ್ತಿದ್ದೆ. ನೀವು ಕೆರೆಯ ಆಚೆ ಬದಿಯಲ್ಲಿದ್ದಿರಿ. ಆ ಹುಡುಗ ಥರ್ಮಾಮೀಟರನ್ನು ಎಲ್ಲಿ ಅದ್ದಿದನೆಂದು ನೀವು ನೋಡಿದ್ದಿರಾ?

ನಾಳೆ ಶುಕ್ರವಾರ. ಮೊಣಕಾಲು ನೋವೆಂದು ಕುಂಞಿಗೆ ಫೋನಿನಲ್ಲಿ ಹೇಳಿಸಿದ್ದೇನೆ. "ನೋವಿದ್ರೆ ಅಲ್ವಾ ಬರ್ಬೇಕಾದ್ದು?" ಎಂದನಂತೆ.

ತಾ.


26 ನವೆಂಬರ್ 1996

ಮಾಸ್ಟ್ರೇ,

ಪುಟ ಇದ್ದಂತೆಯೇ ಇದೆ:

"ತಾ. 7-2-1961, ಬೆಳಿಗ್ಗೆ 10-30. ಕ್ರಮಾಂಕ 18 — 99, 98, 99. ಕ್ರಮಾಂಕ 19, ಮೊಯ್ದಿನ್ ಕುಂಞಿ — 107, 107, 107." ಇದರ ಮೇಲೆ ಅಡ್ಡಲಾಗಿ ಕೆಂಪು ಶಾಯಿಯಲ್ಲಿ "ಕಟ್ಟುಕತೆ". ಅದರ ಅಡಿಯಲ್ಲಿ ನಿಮ್ಮ ಸಹಿ. ಶಾಯಿ ಸ್ವಲ್ಪವೂ ಮಾಸಿಲ್ಲ.

ನಕಲಿನ ಕೆಲಸ ಮುಗಿಯಿತು. ಇನ್ನು ಅಭಿಪ್ರಾಯವಲ್ಲ, ಸಾಕ್ಷಿ.

ನೋಡಿದ್ದೆ. ಅವನು ಸಾಲಿನಿಂದ ತಪ್ಪಿಸಿಕೊಂಡು ಆಚೆ ಬದಿಗೆ ಬಂದ. ಕಲ್ಲಿನ ಸಂದಿನಿಂದ ಗುಳ್ಳೆ ಏಳುತ್ತಿದ್ದ ಕಡೆ ಬೋರಲು ಮಲಗಿ ತೋಳು ತೂರಿಸಿದ. ಕೈಯಲ್ಲಿ ತೊಳೆದ ಶಾಯಿ ಬಾಟಲಿಯಿತ್ತು, ಥರ್ಮಾಮೀಟರು ಅದರೊಳಗೆ. ಬಾಟಲಿ ಎತ್ತಿ, ಓದಿ, ಚೆಲ್ಲಿ, ಮತ್ತೆ ತೋಳು ತೂರಿಸಿದ. ಮೂರು ಸಲ. ಎದ್ದಾಗ ಅಂಗಿಯ ತೋಳು ಭುಜದವರೆಗೆ ತೊಪ್ಪೆ. ನನ್ನನ್ನು ಕಂಡು "ಟೀಚರೇ, ಇಲ್ಲಿ ಹೆಚ್ಚುಂಟು" ಎಂದ. ನಾನು ನಕ್ಕೆ.

ಮರುದಿನ ನೀವು ಅವನನ್ನು ನಿಲ್ಲಿಸಿದಾಗ ನಾನು ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದೆ. ನಡುವೆ ಇದ್ದುದು ಬರೀ ಬಿದಿರಿನ ತಟ್ಟಿ. ಎದ್ದು ಬಂದು ಹೇಳಬಹುದಿತ್ತು. ನನ್ನದು ತಾತ್ಕಾಲಿಕ ನೇಮಕ. ಮಾರ್ಚಿನಲ್ಲಿ ನನ್ನ ಬಗ್ಗೆ ವರದಿ ಬರೆಯಬೇಕಾದವರು ನೀವು. ಇಪ್ಪತ್ತಮೂರು ವರ್ಷದ ಹುಡುಗಿ ನಿಮ್ಮನ್ನು ಮಕ್ಕಳೆದುರು ತಿದ್ದುವುದೇ? ನಾಳೆ ಹೇಳುತ್ತೇನೆಂದು ಮೂರು ದಿನ ಅಂದುಕೊಂಡೆ. ನಾಲ್ಕನೆಯ ದಿನ ಹೇಳಲು ಅವನೇ ಇರಲಿಲ್ಲ. ಆಮೇಲೆ ನಿಮ್ಮ ಭಯ ಹೋಯಿತು, ನಿಮ್ಮ ನಿವೃತ್ತಿಯವರೆಗೂ ನಿಮ್ಮ ಜೊತೆ ಒಂದೇ ಹೂಜಿಯ ನೀರು ಕುಡಿದೆ. ಆದರೆ ಹೇಳುವ ಹೊತ್ತು ದಾಟಿತ್ತು.

ನಿಮ್ಮ ಕೆಂಪು ಶಾಯಿಯಲ್ಲಿ ನನ್ನ ಪಾಲೂ ಇದೆ. ನನ್ನನ್ನು ಗದರುವುದಿದ್ದರೆ ಊರಿಗೆ ಬಂದು ಗದರಿ. ಅವನಿಗೆ ಮಾತ್ರ ಅಲ್ಲಿರುವಾಗಲೇ ಹೇಳಿ. ಡಿಸೆಂಬರ್ ಇಪ್ಪತ್ತೆಂಟಕ್ಕೆ ನಿಮ್ಮ ವಿಮಾನ. ಶುಕ್ರವಾರಗಳು ಹೆಚ್ಚು ಉಳಿದಿಲ್ಲ.

ಎಡ್ನಾ


ಅಲ್ ಮುಂತಜಾ, ದೋಹಾ
8 ಡಿಸೆಂಬರ್ 1996

ಪ್ರೀತಿಯ ಎಡ್ನಾ ಟೀಚರಿಗೆ,

ನಿಮ್ಮ ಪತ್ರ ಗುರುವಾರ ಬಂತು. ಎರಡು ಸಲ ಓದಿದೆ. ಮೂರನೆಯ ಸಲಕ್ಕೆ ಧೈರ್ಯ ಬರಲಿಲ್ಲ.

ಮೊದಲು ನನ್ನ ತಪ್ಪೊಪ್ಪಿಗೆ. ನೆನಪಾಗಲಿಲ್ಲವೆಂದು ಅಕ್ಟೋಬರಿನಲ್ಲಿ ಬರೆದದ್ದು ಸುಳ್ಳು. ಬಾಗಿಲಲ್ಲಿಯೇ ಗುರುತು ಹಿಡಿದಿದ್ದೆ. ಆತ ಕುಳಿತುಕೊಳ್ಳದೆ ನಿಂತೇ ಇದ್ದಾಗ ನಿಶ್ಮಿತಾ ಗುರುಭಕ್ತಿ ಎಂದಳು; ನನಗೆ ಕಾರಣ ಗೊತ್ತಿತ್ತು. ಆದರೂ ಅಂಕಿ ಸುಳ್ಳೆಂಬ ನಂಬಿಕೆಯೊಂದು ನನ್ನನ್ನು ಕಾಪಾಡುತ್ತಿತ್ತು. ಗುಹೆಯಲ್ಲಿ ಆ ಜಾಮಿನ ಬಾಟಲಿ ಕಂಡ ಕ್ಷಣ ಅದೂ ಹೋಯಿತು.

ಮೊನ್ನೆ ಶುಕ್ರವಾರ ನಾನೇ ಫೋನು ಮಾಡಿ ಕರೆದೊಯ್ಯೆಂದೆ. ಮೆಟ್ಟಿಲು ಇಳಿಯುವಾಗ ಆತನ ಭುಜದ ಮೇಲೆ ಕೈಯಿಟ್ಟೆ. ಆತ ಹೆಜ್ಜೆ ನಿಧಾನ ಮಾಡಿದ. ಮುದುಕರು ನೀರಿನಿಂದೆದ್ದು ಹೋಗುವವರೆಗೆ ಕಾದೆ. ನಾನು ಕಟ್ಟೆಯ ಮೇಲೆ, ಕಾಲು ನೀರಿನಲ್ಲಿ. ಕುಂಞಿ ಎಂದಿನಂತೆ ಪಕ್ಕದಲ್ಲಿ ನಿಂತಿದ್ದ. ಮೂವತ್ತೈದು ವರ್ಷ ನಿರರ್ಗಳವಾಗಿ ಪಾಠ ಮಾಡಿದ ನಾಲಗೆ ಟೀಚರೇ, ಒಂದು ವಾಕ್ಯಕ್ಕೆ ಕರ್ತೃ ಸಿಗದೆ ಒದ್ದಾಡಿತು.

"ಕುಂಞಿ, 1961ರಲ್ಲಿ ನೀನು ಬರೆದ ಅಂಕಿ ಸರಿಯಾಗಿತ್ತು. ತಪ್ಪು ನನ್ನದು."

ಆತ ನೀರನ್ನೇ ನೋಡುತ್ತಿದ್ದ.

"ಗೊತ್ತುಂಟು ಮಾಸ್ಟ್ರೇ."

"ನನ್ನ ಮೇಲೆ ಸಿಟ್ಟಿಲ್ಲವೇ?"

"ಇರ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ಅಪ್ಪ ಮಾವನ ಹೋಟ್ಲಿಗೆ ಬೊಂಬಾಯಿಗೆ ಕಳಿಸಿದ್ರು. ಅಲ್ಲಿ ಎರಡು ವರ್ಷ ಸಿಟ್ಟಿತ್ತು. ಮತ್ತೆ ಗ್ಲಾಸು ತೊಳೀಲಿಕ್ಕೆ ಜಾಸ್ತಿ ಆಯ್ತು, ಸಿಟ್ಟಿಗೆ ಪುರುಸೊತ್ತು ಸಿಗ್ಲಿಲ್ಲ." ಸ್ವಲ್ಪ ನಕ್ಕ. "ಇಲ್ಲಿ ಈ ನೀರು ಸಿಕ್ಕಿದಾಗ ಅಳೆದೆ. ಇದಕ್ಕೂ ಮೆಟ್ಲಲ್ಲಿ ಒಂದು, ಕಂಡೀಲಿ ಒಂದು. ಒಮ್ಮೆ ಮಾಸ್ಟ್ರಿಗೆ ತೋರಿಸ್ಬೇಕಿತ್ತು ಅಂತ ಆಯ್ತು. ನಿಮ್ಮನ್ನು ಕರ್ದದ್ದು ಅದಕ್ಕೇ. ಗಂಟು ನೋವಿಗೆ ಅಂತ ಹೇಳಿದ್ದು ಸುಮ್ಮನೆ."

"ಹಾಗಾದರೆ ಮೊದಲ ದಿನವೇ ಬಾಯಿಬಿಟ್ಟು ಹೇಳಬಾರದಿತ್ತೇ, ಮಾರಾಯ?"

"ಹೇಳಿದ್ದೆ ಅಲ್ವಾ ಮಾಸ್ಟ್ರೇ" ಎಂದ, ಮೆಲ್ಲಗೆ. "ಮೂರು ದಿವಸ."

ಕಟ್ಟೆಯ ಮೇಲೆ ನನ್ನ ಟವೆಲು ಹರಡಿತ್ತು. ಅದನ್ನು ಮಡಚಿ ಬದಿಗಿಟ್ಟು, ಆ ಜಾಗವನ್ನು ಕೈಯಿಂದ ಒರೆಸಿದೆ.

"ಕುಳಿತುಕೋ, ಕುಂಞಿ."

ಆತ ಪ್ಯಾಂಟು ಮಡಚಿ ನನ್ನ ಪಕ್ಕದಲ್ಲಿ ಕುಳಿತ. ಇಬ್ಬರೂ ಕಾಲು ಇಳಿಬಿಟ್ಟೆವು. ಸಲಾಂ ಚಹಾ ತಂದವನು, ಕುಂಞಿ ಕುಳಿತದ್ದನ್ನು ಕಂಡು ಇನ್ನೊಂದು ಗ್ಲಾಸಿಗಾಗಿ ಮತ್ತೆ ಇಪ್ಪತ್ತೇಳು ಮೆಟ್ಟಿಲು ಹತ್ತಿದ.

ನಿಮ್ಮನ್ನು ಗದರುವ ಯೋಗ್ಯತೆ ನನಗಿಲ್ಲ. ನಿಮಗೆ ಅಂದು ನನ್ನೆದುರು ಬಾಯಿ ತೆರೆಯಲು ಭಯವಾಯಿತಲ್ಲ, ಆ ಭಯವನ್ನು ನಾನೇ ಶ್ರದ್ಧೆಯಿಂದ ಬೆಳೆಸಿದ್ದೆ. ಒಳ್ಳೆಯ ಶಿಕ್ಷಕನ ಲಕ್ಷಣವೆಂದು ತಿಳಿದಿದ್ದೆ.

ಕುಂಞಿ ರಂಜಾನ್ ನೋಂಬಿನ ತಿಂಗಳಿಗೆ ಊರಿಗೆ ಬರುತ್ತಾನೆ, ಮನೆಗೆ ಬರುವೆನೆಂದಿದ್ದಾನೆ. ಆ ಪುಟವನ್ನು ಆತನೆದುರಿನಲ್ಲಿ ತಿದ್ದಬೇಕು. ಅಲ್ಲಿಯವರೆಗೆ ನೀವು ಅದನ್ನು ಮುಟ್ಟಬೇಡಿ.

ಮೊಣಕಾಲು ನಿಜಕ್ಕೂ ನೋಯುತ್ತಿತ್ತು. ಈಗ ಕಡಿಮೆಯಿದೆ.

ನಿಮ್ಮ
ತಾರಾನಾಥ


18 ಡಿಸೆಂಬರ್ 1996

ಪ್ರೀತಿಯ ಮಾಸ್ಟ್ರೇ,

ಪುಟ ಮುಟ್ಟಿಲ್ಲ. ಆದರೆ ನಿಮ್ಮ ಕಪಾಟಿನಿಂದ ಇನ್ನೊಂದು ವಸ್ತುವನ್ನು ಕೇಳದೆ ತೆಗೆದಿದ್ದೇನೆ: ಮರದ ಪೆಟ್ಟಿಗೆಯ ಥರ್ಮಾಮೀಟರು.

ನಿನ್ನೆ ಬೆಳಗಿನ ಬಸ್ಸಿಗೆ ತೀರ್ಥಕ್ಕೆ ಹೋದೆ. ಕೈಯಲ್ಲಿ ನನ್ನ ಮಾವಿನ ಉಪ್ಪಿನಕಾಯಿಯ ಬಾಟಲಿ, ಮೂರು ಸಲ ತೊಳೆದದ್ದು. ಮಿಂದು ಬಟ್ಟೆ ಹಿಂಡುತ್ತಿದ್ದ ಹೆಂಗಸೊಬ್ಬಳು "ಬಾಯಮ್ಮ, ಎಂತ ಬಿದ್ದು ಹೋಯ್ತು? ಉಂಗುರವಾ?" ಎಂದು ಕೇಳಿದಳು. ಹಳೆಯದೊಂದು ವಸ್ತು ಎಂದೆ. ಆ ಕಲ್ಲಿನ ಸಂದು ಅಲ್ಲಿಯೇ ಇದೆ, ಗುಳ್ಳೆಗಳೂ ಇವೆ. ಐವತ್ತೆಂಟರಲ್ಲಿ ಬೋರಲು ಮಲಗುವುದು ಸುಲಭವಲ್ಲ. ಏಳಲು ಅದೇ ಹೆಂಗಸು ಕೈ ಹಿಡಿಯಬೇಕಾಯಿತು.

ತಾ. 17-12-1996, ಬೆಳಿಗ್ಗೆ 10-30. ಸ್ಥಳ: ಕಂಡಿ. 107, 107, 107.

ಮೂರನೆಯದು ಬಂದಾಗ ನಾನು ಅಲ್ಲಿಯೇ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಬೇರೊಂದು ಚೀಟಿಯಲ್ಲಿ ಬರೆದು ಕೆಳಗೆ ಸಹಿ ಹಾಕಿದ್ದೇನೆ. ಸಾಕ್ಷಿಗೆ ಆ ಹೆಂಗಸಿನ ಹೆಬ್ಬೆರಳ ಗುರುತೂ ಇದೆ.

ನಿಮ್ಮ ಮೇಜಿನ ಮೇಲೆ ಪುಸ್ತಕ, ಕೆಂಪು ಶಾಯಿ, ಲೇಖನಿ ಇಟ್ಟಿದ್ದೇನೆ. ಪಡಸಾಲೆಯಿಂದ ಕುರ್ಚಿ ತಂದು ಎದುರಿಗೆ ಹಾಕಿದ್ದೇನೆ. ಮೊದಲು ಎರಡೇ ತಂದಿದ್ದೆ. ಆಮೇಲೆ ಹೋಗಿ ನನಗೂ ಒಂದು ತಂದೆ.

ಬಸ್ಸಿನಲ್ಲಿ ಮನೆ ಸೇರುವವರೆಗೂ ನನ್ನ ರವಿಕೆಯ ತೋಳು ಒದ್ದೆಯಾಗಿಯೇ ಇತ್ತು ಮಾಸ್ಟ್ರೇ, ಭುಜದವರೆಗೆ.

ಎಡ್ನಾ